ಒಂದು ಚೌಕಕ್ಕೆ ಎಷ್ಟು ಅಡಿ?

(ಒಬ್ಬರು ಕಥೆ ನಡೆಸುತ್ತ, ಉಳಿದವರು ಅದರ ಪಾತ್ರಗಳಾಗಿ, ಹಲವು ಸಲ ಚೌಕದ ಗೆರೆ ಎಳೆದ ನಕ್ಷೆಯ ಮೇಲೆ ಬೊಂಬೆ ಸರಿಸಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳನ್ನು ಆಡುವವರ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿರುವ ಬಹಳಷ್ಟು ಜನ ಆಟ ನಡೆಸಿದವರು, ಉಳಿದವರು ಆಡಿದವರು. ಹಾಗಾಗಿ ಇಪ್ಪತ್ತು ಮುಖದ ದಾಳ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ. ನಮ್ಮ ಟೇಬಲ್ಲುಗಳಲ್ಲಿ ಒಂದು ಸಂಜೆಗೆ ಹತ್ತಾರು ಸಲ ಕೇಳಿಬರುವ ಪ್ರಶ್ನೆಯೊಂದಿದೆ: ‘ಅವನು ಎಷ್ಟು ದೂರದಲ್ಲಿದ್ದಾನೆ?’ ಇವತ್ತು ಆ ಪ್ರಶ್ನೆಯ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಾನು ಮೊದಲ ಸಲ ಪೂರ್ತಿ ಕನ್ನಡದಲ್ಲಿ ಆಟ ನಡೆಸಿದ ದಿನ ಟೇಬಲ್ ಸುತ್ತ ಐದು ಜನ ಇದ್ದರು. ಮೂವರು ಹಿಂದೆಂದೂ ಆಡಿದವರಲ್ಲ. ಹಾಳುಬಿದ್ದ ಕೋಟೆಯ ಅಂಗಳ, ಆಚೆ ತುದಿಯಲ್ಲಿ ಬಿಲ್ಲು ಹಿಡಿದ ಕಾವಲುಗಾರ. ಹೊಸಬಳೊಬ್ಬಳು ದೂರ ಎಷ್ಟೆಂದು ಕೇಳಿದಳು. ‘ಅರವತ್ತು ಅಡಿ’ ಎಂದೆ. ಅವಳ ಮುಖದಲ್ಲಿ ಏನೂ ಮೂಡಲಿಲ್ಲ. ಪಕ್ಕದಲ್ಲಿದ್ದವರು ಮನೆ ಕಟ್ಟಿಸುವ ಕಂಟ್ರಾಕ್ಟರು. ಅವರು ಅವಳ ಕಡೆ ತಿರುಗಿ, ‘ಎರಡು ತರ್ಟಿ-ಫಾರ್ಟಿ ಸೈಟು ಪಕ್ಕಪಕ್ಕ ಇದ್ದರೆ ಎಷ್ಟಾಗುತ್ತೋ ಅಷ್ಟಮ್ಮ, ಈ ಮೂಲೆಯಿಂದ ಆ ಮೂಲೆಗೆ’ ಎಂದರು. ಅವಳು ಒಂದು ಕ್ಷಣವೂ ತಡಮಾಡದೆ, ‘ಹಾಗಾದರೆ ಓಡಿದರೆ ಸಿಗುತ್ತಾನೆ’ ಎಂದಳು.

ಆ ರಾತ್ರಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ನಾನು ಹೇಳಿದ ಅಂಕಿ ಸರಿಯೇ ಇತ್ತು. ಆದರೆ ಅವಳಿಗೆ ನಿರ್ಧಾರ ಮಾಡಲು ಬೇಕಿದ್ದದ್ದು ಅಂಕಿಗಿಂತ ಹೆಚ್ಚಾಗಿ ಕಣ್ಣೆದುರು ಕಟ್ಟುವ ಒಂದು ಜಾಗ. ಅಂದಿನಿಂದ ನಾನು ಅಳತೆಯನ್ನು ಎರಡು ಬೇರೆ ಬೇರೆ ಪ್ರಶ್ನೆಗಳಾಗಿ ನೋಡತೊಡಗಿದೆ. ನಕ್ಷೆಯ ಒಂದು ಚೌಕ ಎಷ್ಟು ದೊಡ್ಡದಿರಬೇಕು ಎನ್ನುವುದು ಒಂದು. ಆ ದೂರವನ್ನು ಬಾಯಲ್ಲಿ ಏನೆಂದು ಹೇಳಬೇಕು ಎನ್ನುವುದು ಇನ್ನೊಂದು. ನಿಯಮದ ಪುಸ್ತಕಗಳು ಇವೆರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿ ಕೊಡುತ್ತವೆ, ನಾವೂ ಬಿಚ್ಚಿ ನೋಡದೆ ಬಳಸುತ್ತೇವೆ.

ಈ ಗಂಟು ಎಲ್ಲಿ ಬಿತ್ತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1971ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಸೇರಿ ಚೈನ್‌ಮೇಲ್ ಎಂಬ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದರು. ದೊಡ್ಡ ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆಗಳನ್ನು ನಿಲ್ಲಿಸಿ ಆಡುವ ಆಟ ಅದು. ಒಂದು ಬೊಂಬೆ ಎಂದರೆ 20 ಸೈನಿಕರು. ಮೇಜಿನ ಮೇಲಿನ 1 ಇಂಚು ಎಂದರೆ ರಣರಂಗದ 10 ಗಜ. ಒಂದು ಸರದಿ ಎಂದರೆ ಒಂದು ನಿಮಿಷ. ಇಲ್ಲಿ ಇಂಚು ಮೇಜಿಗೆ ಸೇರಿದ ಅಳತೆ ಎಂಬುದನ್ನು ಗಮನಿಸಿ. ಕೈಯಲ್ಲಿ ಸ್ಕೇಲ್ ಹಿಡಿದು ಬೊಂಬೆಯನ್ನು ಸರಿಸುವವನಿಗೆ ಇಂಚು ಬೇಕು. ಗಜ ಎಷ್ಟೆಂಬ ಯೋಚನೆ ಅವನಿಗೆ ಅಪರೂಪಕ್ಕೆ ಬರುತ್ತದೆ.

ಮೂರು ವರ್ಷದ ನಂತರ, 1974ರಲ್ಲಿ, ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅದೇ ಇಂಚನ್ನು ಉಳಿಸಿಕೊಂಡಿತು. ಆದರೆ ಈಗ ಒಂದು ಬೊಂಬೆ ಎಂದರೆ ಒಬ್ಬನೇ ಮನುಷ್ಯ. ಆಟ ನೆಲದಡಿಯ ಸುರಂಗಕ್ಕೆ ಇಳಿದಿತ್ತು. ಹತ್ತು ಗಜಕ್ಕೆ ಒಂದು ಇಂಚು ಎಂದರೆ ಇಡೀ ಕೋಣೆ ಒಂದು ಚುಕ್ಕಿಯಾಗಿಬಿಡುತ್ತದೆ. ಅದಕ್ಕೆ ಅವರು ಕಂಡುಕೊಂಡ ದಾರಿ ಹೀಗಿತ್ತು: ನೆಲದಡಿಯಲ್ಲಿ 1 ಇಂಚಿಗೆ 10 ಅಡಿ, ಬಯಲಿಗೆ ಬಂದರೆ ಅದೇ 1 ಇಂಚಿಗೆ 10 ಗಜ. ಒಂದು ಗಜಕ್ಕೆ ಮೂರು ಅಡಿ. ಅಂದರೆ 24 ಇಂಚು ದೂರ ಹೋಗುವ ಮಂತ್ರ ಸುರಂಗದಲ್ಲಿ 240 ಅಡಿ, ಹೊರಗೆ 720 ಅಡಿ.

ಇದನ್ನು ಓದಿದವರು ಇದೊಂದು ಗೊಂದಲ ಎಂದು ಬದಿಗೆ ಸರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೋಣೆಯೊಳಗೆ ಎದುರಾಳಿ ಕಾಣಿಸುವುದೇ ನಾಲ್ಕು ಹೆಜ್ಜೆ ಆಚೆ. ಬಯಲಿನಲ್ಲಿ ಅವನು ಬಹಳ ಮೊದಲೇ ಕಾಣುತ್ತಾನೆ, ಬೆನ್ನಟ್ಟಲು, ತಪ್ಪಿಸಿಕೊಳ್ಳಲು, ಬಾಣ ಬಿಡಲು ಹೊತ್ತಿರುತ್ತದೆ. ಮೇಜು ಮಾತ್ರ ಒಂದೇ. ಅದೇ ಮೇಜಿನ ಮೇಲೆ ಎರಡೂ ಕಡೆಯ ಆಟ ಅಷ್ಟೇ ಹದವಾಗಿ ನಡೆಯಬೇಕಾದರೆ ಅಳತೆ ಬದಲಾಗಲೇಬೇಕು. ಅವರು ಮಂತ್ರದ ದೂರವನ್ನೂ ಅದರ ಜೊತೆ ಹಿಗ್ಗಿಸಿದ್ದರಿಂದ ತೊಡಕಾಯಿತು. ದೂರದಂತೆ ಸ್ಫೋಟದ ಅಗಲವೂ ಹಿಗ್ಗಿದರೆ? 20 ಅಡಿ ತ್ರಿಜ್ಯದ ಫೈರ್‌ಬಾಲ್, ಅಂದರೆ ಬೆಂಕಿಯುಂಡೆಯ ಮಂತ್ರ, ಹೊರಗೆ 20 ಗಜವಾದರೆ ಅದು ಸುಡುವ ನೆಲ ಒಂಬತ್ತು ಪಟ್ಟು. ಹಾಗಾಗಿ ಅದೇ ಆಟದ ನಿಯಮದ ಪುಸ್ತಕವಾದ 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ, ಬಯಲಿನಲ್ಲಿ ದೂರ ಗಜವಾದರೂ ಮಂತ್ರ ವ್ಯಾಪಿಸುವ ಜಾಗ ಅಡಿಯಲ್ಲೇ ಉಳಿಯಬೇಕು ಎಂದು ಬಿಡಿಸಿ ಹೇಳಬೇಕಾಯಿತು. 1989ರ ಎರಡನೇ ಆವೃತ್ತಿಯಲ್ಲಿ ಇಂಚು ಹೋಯಿತು, ಅಡಿ ಗಜಗಳು ನೇರವಾಗಿ ಬಂದವು. 2000ದ ಮೂರನೇ ಆವೃತ್ತಿಯಿಂದ ನಾವೆಲ್ಲ ಬಲ್ಲ 5 ಅಡಿಯ ಚೌಕ ಗಟ್ಟಿಯಾಗಿ ನೆಲೆಯೂರಿತು.

ಈ 5 ಅಡಿಯ ಚೌಕವನ್ನು ಹತ್ತಿರದಿಂದ ನೋಡೋಣ, ಅದರಲ್ಲಿ ಕಲಿಯುವುದಿದೆ. ನಕ್ಷೆಯ ಮೇಲೆ ಅದು 1 ಇಂಚು. 5 ಅಡಿಗೆ 60 ಇಂಚು, ಹಾಗಾಗಿ ಅರವತ್ತಕ್ಕೆ ಒಂದರ ಪ್ರಮಾಣ. ನಾವು ಬಳಸುವ 28 ಮಿಲಿಮೀಟರ್ ಎತ್ತರದ ಪುಟ್ಟ ಬೊಂಬೆಯನ್ನು, ಅಂದರೆ ಮಿನಿಯನ್ನು, ಅರವತ್ತರಿಂದ ಗುಣಿಸಿದರೆ 1.68 ಮೀಟರ್, ಸರಿಯಾಗಿ ಒಬ್ಬ ಮನುಷ್ಯನ ಎತ್ತರ. ಬೊಂಬೆ, ಚೌಕ, ಮನುಷ್ಯ ಮೂರೂ ಹೊಂದುತ್ತವೆ. ಇನ್ನು ನಮ್ಮ 30×40 ಸೈಟು ಈ ಲೆಕ್ಕದಲ್ಲಿ 6 ಚೌಕ ಅಗಲ, 8 ಚೌಕ ಉದ್ದ. ಒಂದು ಎ4 ಹಾಳೆಯನ್ನು ಅರ್ಧಕ್ಕೆ ಮಡಚಿ. ಹೆಚ್ಚುಕಡಿಮೆ ಅಷ್ಟೇ. ಪೂರ್ತಿ ಹಾಳೆ ಬಿಡಿಸಿದರೆ 40×60 ಸೈಟು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಯಾವ ಬಡಾವಣೆಯಲ್ಲಿ ಬೆಳೆದವರಿಗೂ ಆ ಜಾಗ ಕಾಲಿಗೇ ಗೊತ್ತು. ಗೇಟಿನಿಂದ ಹಿಂಬಾಗಿಲಿಗೆ ಎಷ್ಟು ಹೆಜ್ಜೆ, ಟೆರೇಸಿನ ಮೇಲೆ ಹಪ್ಪಳ ಹರವಲು ಎಷ್ಟು ಜಾಗ, ಎಲ್ಲ ಗೊತ್ತು. ಹೊಸ ಆಟಗಾರರ ಮುಂದೆ ನಾನು ಈಗ ಮೊದಲು ಇಡುವುದೇ ಮಡಚಿದ ಎ4 ಹಾಳೆ.

ಮನುಷ್ಯ ನಿಲ್ಲಲು 5 ಅಡಿ ಬೇಕೇ ಎಂದು ಕೆಲವರು ಕೇಳುತ್ತಾರೆ. ನಿಲ್ಲಲು ಬೇಡ. ಬೆಳಗಿನ ಸಿಟಿ ಬಸ್ಸಿನಲ್ಲಿ ಅಷ್ಟು ಜಾಗದಲ್ಲಿ ಎಷ್ಟು ಮಂದಿ ನಿಲ್ಲುತ್ತೇವೆಂದು ನಿಮಗೇ ಗೊತ್ತು. ಆದರೆ ಕತ್ತಿ ಬೀಸಲು, ಪಕ್ಕಕ್ಕೆ ಸರಿದು ಏಟು ತಪ್ಪಿಸಿಕೊಳ್ಳಲು ಬೇಕು. ಆ ಚೌಕ ಮನುಷ್ಯನ ಮೈ ಅಳತೆಯಲ್ಲ, ಅವನ ಕಾದಾಟದ ಅಳತೆ. ‘ಅವನು ನನಗೆ ಎಟಕುತ್ತಾನಾ?’ ಎಂಬ ಒಂದು ಪ್ರಶ್ನೆಗೆ ಪಕ್ಕದ ಚೌಕ ಎಂಬ ಒಂದೇ ನೋಟದಲ್ಲಿ ಉತ್ತರ ಸಿಗುತ್ತದೆ.

2014ರ ಐದನೇ ಆವೃತ್ತಿಯಲ್ಲಿ ಸಾಮಾನ್ಯ ಮನುಷ್ಯನ ನಡೆ ಒಂದು ರೌಂಡಿಗೆ 30 ಅಡಿ, ರೌಂಡ್ ಎಂದರೆ 6 ಸೆಕೆಂಡ್. ಗಂಟೆಗೆ ಐದೂವರೆ ಕಿಲೋಮೀಟರ್ ಆಯಿತು, ಬೆಳಗಿನ ವಾಕಿಂಗಿನಲ್ಲಿ ಬಿರುಸಾಗಿ ನಡೆಯುವವರ ವೇಗ. ಚೌಕದ ಲೆಕ್ಕದಲ್ಲಿ ಆರು. ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡದ್ದು ಒಂದಿದ್ದರೆ ಈ ಆರರಲ್ಲಿದೆ. ಒಂದು ಸರದಿಯ ನಡೆ ಬೆರಳೆಣಿಕೆಯಷ್ಟಿರಬೇಕು. ಚೌಕ 1 ಅಡಿಯದಾಗಿದ್ದರೆ ಆಟಗಾರ ಮೂವತ್ತು ಮನೆ ಎಣಿಸಬೇಕು, ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ. ಚೌಕ 30 ಅಡಿಯದಾಗಿದ್ದರೆ ಎಣಿಸುವುದೇ ಇಲ್ಲ, ಆರಿಸಲು ಏನೂ ಉಳಿಯುವುದಿಲ್ಲ. ಮೂರರಿಂದ ಆರು ಮನೆ ಎಂದರೆ ಕಣ್ಣಲ್ಲೇ ಎಣಿಸಬಹುದು, ಆದರೂ ಈ ಕಡೆಯೋ ಆ ಕಡೆಯೋ ಎಂಬ ಪೇಚಾಟ ಇರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಆಟಗಳಲ್ಲೂ ಇದೇ ಅಂಕಿ ಮರುಕಳಿಸುತ್ತದೆ. 1986ರ ಗರ್ಪ್ಸ್ ಎಂಬ ಆಟದಲ್ಲಿ ಒಂದು ಷಟ್ಕೋನ 1 ಗಜ, ಒಂದು ಸರದಿ 1 ಸೆಕೆಂಡ್, ಸಾಧಾರಣ ಮನುಷ್ಯನ ನಡೆ 5 ಮನೆ. ಅಡಿ, ಗಜ, ಸೆಕೆಂಡ್ ಎಲ್ಲ ಬೇರೆ, ಬೆರಳೆಣಿಕೆ ಮಾತ್ರ ಅದೇ.

ಇದೇ ಚೌಕ ಕೈಕೊಡುವ ಜಾಗವೂ ಇದೆ. ಐದನೇ ಆವೃತ್ತಿಯ ಲಾಂಗ್‌ಬೋ, ಅಂದರೆ ಉದ್ದ ಬಿಲ್ಲಿನ ಬಾಣ, ಹೆಚ್ಚೆಂದರೆ 600 ಅಡಿ ಹೋಗುತ್ತದೆ. ಅದು 120 ಚೌಕ, ಅಂದರೆ ಮೇಜಿನ ಮೇಲೆ 120 ಇಂಚು, ಹತ್ತು ಅಡಿ ಉದ್ದದ ಮೇಜು. ನಮ್ಮ ಯಾರ ಮನೆಯಲ್ಲೂ ಅಂಥ ಮೇಜಿಲ್ಲ. ಹಾಗಾಗಿ ಬಿಲ್ಲುಗಾರರ ಕಾಳಗ ಬಂದರೆ ಆ ಹಾಳೆಯನ್ನು ಎತ್ತಿಟ್ಟು ಬೇರೆ ಪ್ರಮಾಣದ ನಕ್ಷೆ ತೆಗೆಯಿರಿ. 1974ರವರು ಮಾಡಿದ್ದೂ ಅದನ್ನೇ.

ಈಗ ಮೂಲೆಯ ವಿಷಯ. ಟೇಬಲ್ಲಿನಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲಿ.

ಚದುರಂಗದ ರಾಜನನ್ನು ನೆನಪಿಸಿಕೊಳ್ಳಿ. ಅವನು ನೇರ ಹೋದರೂ ಒಂದು ಮನೆ, ಮೂಲೆಗೆ ಹೋದರೂ ಒಂದು ಮನೆ. ಚದುರಂಗದಲ್ಲಿ ಇದರಿಂದ ತೊಂದರೆಯಿಲ್ಲ, ಅಲ್ಲಿ ಮನೆಗೆ ಅಡಿಯ ಲೆಕ್ಕವಿಲ್ಲ. ನಾವು ಚೌಕಕ್ಕೆ 5 ಅಡಿ ಎಂದ ತಕ್ಷಣ ಮೂಲೆಯಿಂದ ಮೂಲೆಗೆ 7 ಅಡಿಗೂ ಹೆಚ್ಚಾಗುತ್ತದೆ. ರಾಜನಂತೆ ಆರು ಮನೆ ಮೂಲೆಗೆ ನಡೆದವನು 30 ಅಡಿಯ ನಡೆಯಲ್ಲಿ 42 ಅಡಿ ದಾಟಿರುತ್ತಾನೆ. 2000ದ ಆವೃತ್ತಿ ಇದಕ್ಕೆ ಒಂದು ಉಪಾಯ ತಂದಿತು: ಮೊದಲ ಮೂಲೆಗೆ 5, ಎರಡನೆಯದಕ್ಕೆ 10, ಮತ್ತೆ 5, ಮತ್ತೆ 10. ಆಗ 30 ಅಡಿಯಲ್ಲಿ ನಾಲ್ಕು ಮೂಲೆ ಮನೆ ಸಿಗುತ್ತವೆ, ನಿಜದ ದೂರ 28 ಅಡಿ ಚಿಲ್ಲರೆ. ಲೆಕ್ಕ ಚೊಕ್ಕ. 2008ರ ನಾಲ್ಕನೇ ಆವೃತ್ತಿ ಮತ್ತೆ ರಾಜನ ನಡೆಗೇ ಮರಳಿತು. ಅದರ ಪರಿಣಾಮವಾಗಿ ಫೈರ್‌ಬಾಲ್ ಚೌಕಾಕಾರವಾಯಿತು. 20 ಅಡಿ ತ್ರಿಜ್ಯದ ವೃತ್ತ 1257 ಚದರಡಿ ಇದ್ದರೆ, ಅದೇ ಅಗಲದ ಚೌಕ 1600 ಚದರಡಿ, ಕಾಲುಭಾಗಕ್ಕಿಂತ ಹೆಚ್ಚು ನೆಲ ಪುಕ್ಕಟೆ ಸುಟ್ಟಿತು. ನಾನು ಯಾವುದನ್ನು ಆರಿಸುತ್ತೇನೆ ಎಂದರೆ, ಮಕ್ಕಳು ಇಲ್ಲವೇ ಹೊಸಬರು ಕೂತಿದ್ದರೆ ರಾಜನ ನಡೆ. ಬೆನ್ನಟ್ಟುವ ದೃಶ್ಯವಾದರೆ 5-10-5, ಏಕೆಂದರೆ ಅಲ್ಲಿ ಒಂದು ಮನೆಯ ಅಂತರದಲ್ಲಿ ಪ್ರಾಣ ಇರುತ್ತದೆ. ಆಟ ಶುರುವಾಗುವ ಮೊದಲೇ ಹೇಳಿಬಿಡಿ. ಮಧ್ಯದಲ್ಲಿ ಹೇಳಿದರೆ ಯಾರಾದರೊಬ್ಬರಿಗೆ ಅನ್ಯಾಯವಾಗುತ್ತದೆ.

ಷಟ್ಕೋನದ ಗ್ರಿಡ್ಡಿನಲ್ಲಿ ಮೂಲೆಯ ಈ ತಕರಾರೇ ಇಲ್ಲ. ಇದನ್ನು ವಿವರಿಸಲು ನನಗೆ ರಂಗೋಲಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಚುಕ್ಕಿ ರಂಗೋಲಿಯಲ್ಲಿ ಎರಡು ಬಗೆ ಇದೆಯಲ್ಲ? ನೇರ ಚುಕ್ಕಿ ಇಟ್ಟರೆ ಸಾಲಿನ ಕೆಳಗೆ ಸಾಲು, ಅದು ನಮ್ಮ ಚೌಕದ ಗ್ರಿಡ್. ಸಂದು ಚುಕ್ಕಿ ಇಟ್ಟರೆ ಮೇಲಿನ ಎರಡು ಚುಕ್ಕಿಯ ನಡುವಿನ ಸಂದಿಗೆ ಕೆಳಗಿನ ಚುಕ್ಕಿ ಬೀಳುತ್ತದೆ. ‘ಹದಿನೈದರಿಂದ ಎಂಟು, ಸಂದು ಚುಕ್ಕಿ’ ಎಂದು ನನ್ನ ಅಮ್ಮ ಹೇಳಿಕೊಡುತ್ತಿದ್ದರು. ನಡುವಿನ ಸಾಲಿಗೆ ಹದಿನೈದು, ಮೇಲೆ ಕೆಳಗೆ ಒಂದೊಂದು ಕಡಿಮೆ ಮಾಡುತ್ತ ಎಂಟಕ್ಕೆ ನಿಲ್ಲಿಸಬೇಕು. ಅಂಗಳದಲ್ಲಿ ಮೂಡುವುದು ಬದಿಗೆ ಎಂಟು ಚುಕ್ಕಿಯ ಅಚ್ಚುಕಟ್ಟಾದ ಷಟ್ಕೋನ, ಒಟ್ಟು 169 ಚುಕ್ಕಿ. ಒಳಗಿನ ಯಾವುದೇ ಚುಕ್ಕಿಯನ್ನು ಹಿಡಿಯಿರಿ, ಸುತ್ತ ಆರು ನೆರೆಯವರು, ಆರೂ ಒಂದೇ ದೂರ. ಯುದ್ಧದಾಟಗಳಲ್ಲಿ ಈ ಗ್ರಿಡ್ ಜನರ ಕೈಗೆ ಬಂದದ್ದು ಅವಲಾನ್ ಹಿಲ್ ಸಂಸ್ಥೆಯ ಗೆಟಿಸ್‌ಬರ್ಗ್ ಆಟದ 1961ರ ಆವೃತ್ತಿಯಿಂದ. ಅಂಗಳದಲ್ಲಿ ಹಿಟ್ಟು ಹಿಡಿದು ಬಗ್ಗಿದವರ ಕೈಗೆ ಇದರ ಜ್ಞಾನ ಮೊದಲೇ ಇತ್ತು.

ಆದರೆ ಮನೆಯ ಗೋಡೆ ನೇರವಾಗಿರುತ್ತದೆ, ಸಂದು ಚುಕ್ಕಿಯ ಅಂಚು ಹಲ್ಲುಹಲ್ಲಾಗಿರುತ್ತದೆ. ಕೋಣೆಯನ್ನು ಷಟ್ಕೋನದ ಹಾಳೆಯಲ್ಲಿ ಬರೆದರೆ ಗೋಡೆಯುದ್ದಕ್ಕೂ ಅರ್ಧರ್ಧ ಮನೆಗಳು ಉಳಿಯುತ್ತವೆ, ಅಲ್ಲಿ ನಿಲ್ಲಬಹುದೇ ಇಲ್ಲವೇ ಎಂದು ಪ್ರತಿ ಸಲ ಪಂಚಾಯಿತಿ. ಹಾಗಾಗಿ ಮನುಷ್ಯ ಕಟ್ಟಿದ್ದಕ್ಕೆ ಚೌಕ, ತಾನಾಗಿ ಬೆಳೆದ ಕಾಡು ಬೆಟ್ಟಕ್ಕೆ ಷಟ್ಕೋನ ಎಂದು ನಾನು ಬಹಳ ದಿನ ಪಾಲಿಸಿಕೊಂಡು ಬಂದೆ. ಒಂದು ತೋಟ ಅದನ್ನೂ ತಿದ್ದಿತು.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಅಕ್ಕಪಕ್ಕದ ಮನೆಯ ಹುಡುಗ ಹುಡುಗಿಯರಿಗೆ ಒಂದು ರಾತ್ರಿಯ ಆಟ ಮಾಡಿದೆ. ನಮ್ಮದು ಮಲೆನಾಡು. ಕಥೆ ಅಲ್ಲಿಯದೇ: ಮಳೆಗಾಲ ಮುಗಿದ ಹೊತ್ತು, ಕತ್ತಲಲ್ಲಿ ಅಡಿಕೆ ಗೊನೆ ಕದಿಯಲು ಮೂವರು ತೋಟಕ್ಕೆ ಇಳಿದಿದ್ದಾರೆ, ಮನೆಯವರು ಬ್ಯಾಟರಿ ಹಿಡಿದು ಹೊರಟಿದ್ದಾರೆ. ನಾನು ರೂಢಿಯಂತೆ 5 ಅಡಿಯ ಚೌಕದ ಹಾಳೆ ಹರಡಿ, ಕಾಡಿನ ನಕ್ಷೆಗೆ ಮಾಡುವ ಹಾಗೆ ಅಲ್ಲೊಂದು ಇಲ್ಲೊಂದು ಮರ ಬರೆದಿದ್ದೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹಾಳೆ ನೋಡಿ, ‘ಅಣ್ಣಾ, ಇದು ತೋಟ ಅಲ್ಲ. ಒಂಬತ್ತು ಅಡಿಗೊಂದು ಮರ ಇರತ್ತೆ, ಸಾಲಾಗಿ’ ಎಂದಳು. ಅವಳ ಮನೆಯಲ್ಲಿ ಆ ವರ್ಷ ಸಸಿ ನೆಟ್ಟಿದ್ದರು, ಹಗ್ಗ ಹಿಡಿದು ಗುಂಡಿಗೆ ಗುರುತು ಹಾಕಿದ್ದು ಅವಳೇ.

ಅವಳು ಹೇಳಿದ್ದು ಸರಿ. ಅಡಿಕೆಗೆ ಒಂಬತ್ತಕ್ಕೆ ಒಂಬತ್ತು ಅಡಿ, ಅಂದರೆ 2.7 ಮೀಟರ್ ಅಂತರ ರೂಢಿ. ತೋಟ ತಾನೇ ಒಂದು ಗ್ರಿಡ್. ನಾನು ಅದರ ಮೇಲೆ ಇನ್ನೊಂದು ಗ್ರಿಡ್ ಹೊದಿಸಲು ಹೊರಟಿದ್ದೆ, ಎರಡೂ ಎಲ್ಲೂ ಹೊಂದುವುದಿಲ್ಲ. ಹಾಳೆ ತಿರುವಿ ಹಾಕಿ ಹೊಸದಾಗಿ ಗೆರೆ ಎಳೆದೆ. ಈ ಸಲ ಒಂದು ಚೌಕ 9 ಅಡಿ, ಗೆರೆಗಳು ಕೂಡುವ ಪ್ರತಿ ಬಿಂದುವಿನಲ್ಲಿ ಒಂದು ಮರ. ಎರಡು ಸಾಲಿಗೊಂದು ಬಸಿಗಾಲುವೆ, ಅದನ್ನು ದಾಟಲು ಅಲ್ಲಲ್ಲಿ ಅಡಿಕೆ ಮರದ ಸಂಕ. ಸಂಕ ಇಲ್ಲದ ಕಡೆ ಹಾರಬೇಕು, ಹಾರಲು ದಾಳ. ನಡೆದರೆ ಮೂರು ಮನೆ, ಓಡಿದರೆ ಆರು.

ಆಮೇಲೆ ನಡೆದದ್ದನ್ನು ನಾನು ಯೋಜಿಸಿರಲಿಲ್ಲ. ಸಾಲಿನ ಉದ್ದಕ್ಕೆ ಬ್ಯಾಟರಿ ಬಿಟ್ಟರೆ ಬೆಳಕು ತೋಟದ ತುದಿಯವರೆಗೆ ಓಡುತ್ತದೆ. ಸರಿಯಾಗಿ ಮೂಲೆಗೆ ಬಿಟ್ಟರೂ ಇನ್ನೊಂದು ಓಣಿ ತೆರೆದುಕೊಳ್ಳುತ್ತದೆ. ಸ್ವಲ್ಪ ಓರೆಯಾದರೆ ಕಾಂಡದ ಹಿಂದೆ ಕಾಂಡ, ನಾಲ್ಕು ಮರದಾಚೆ ಕತ್ತಲು. ಮಕ್ಕಳಿಗೆ ಇದು ಗೊತ್ತಿತ್ತು, ಅವರು ದಿನಾ ನೋಡುವುದು. ನಕ್ಷೆ ಅದನ್ನೇ ಹೇಳತೊಡಗಿದ್ದರಿಂದ ಅಡಿಯ ಮಾತು ನಿಂತುಹೋಯಿತು. ‘ನೀನು ಆ ಸಾಲಲ್ಲಿ ನಿಲ್ಲು, ನಾನು ಮೂಲೆಯಿಂದ ಬೆಳಕು ಬಿಡ್ತೀನಿ, ಅವನು ಸಂಕದ ಕಡೆಗೇ ಬರಬೇಕು.’ ಎರಡು ತಾಸು ಎಲ್ಲರೂ ಹಾಳೆಯ ಮೇಲೆ ಬಗ್ಗಿಯೇ ಇದ್ದರು. ಒಬ್ಬ ಕಳ್ಳ ಸಿಕ್ಕ, ಇಬ್ಬರು ಕಾಲುವೆ ಹಾರಿ ಪರಾರಿ.

ಅಂದಿನಿಂದ ನಾನು ನಕ್ಷೆಗೆ ಕೂರುವ ಮೊದಲು ಆ ಜಾಗಕ್ಕೆ ತನ್ನದೇ ಆದ ಅಂತರ ಇದೆಯೇ ಎಂದು ನೋಡುತ್ತೇನೆ. ದೇವಸ್ಥಾನದ ಕಂಬಗಳ ನಡುವಿನ ಅಂಕಣ, ರೈಲಿನ ಬೋಗಿ, ಸಂತೆಯ ಅಂಗಡಿ ಸಾಲು, ಭತ್ತದ ಗದ್ದೆಯ ಅಂಚು. ಇದ್ದರೆ ಅದೇ ಚೌಕ. ಇಲ್ಲದಿದ್ದರೆ 5 ಅಡಿ ಇದ್ದೇ ಇದೆ.

ಪ್ರಯಾಣದ ನಕ್ಷೆಗೆ ಬರೋಣ. 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಾಡುಮೇಡಿನ ಅಲೆದಾಟಕ್ಕೆ ಔಟ್‌ಡೋರ್ ಸರ್ವೈವಲ್ ಎಂಬ ಬೇರೊಂದು ಆಟದ ಹಲಗೆಯನ್ನೇ ಬಳಸಿಕೊಳ್ಳಲು ಹೇಳಿತ್ತು, ಷಟ್ಕೋನಕ್ಕೆ 5 ಮೈಲಿ. ಅದೇ ಆಟದ 1981ರ ಎಕ್ಸ್‌ಪರ್ಟ್ ಸೆಟ್ ಹೊತ್ತಿಗೆ ಅದು 6 ಮೈಲಿಯಾಗಿತ್ತು. ಒಂದೇ ಮೈಲಿಯ ವ್ಯತ್ಯಾಸ, ಆದರೆ ಕೆಲಸಕ್ಕೆ ಇಳಿದರೆ 6 ಎಷ್ಟೋ ಮೇಲು. ಎರಡಕ್ಕೂ ಮೂರಕ್ಕೂ ಭಾಗವಾಗುತ್ತದೆ. ಹೊರೆಯಿಲ್ಲದವನು ಬಯಲಲ್ಲಿ ದಿನಕ್ಕೆ 24 ಮೈಲಿ ನಡೆದರೆ ನಾಲ್ಕು ಮನೆ, ಮತ್ತೆ ಬೆರಳೆಣಿಕೆ. ಇನ್ನೂ ಒಂದಿದೆ. ಸಪಾಟು ನೆಲದಲ್ಲಿ ನಿಂತ ಮನುಷ್ಯನ ಕಣ್ಣಿಗೆ ದಿಗಂತ ಸುಮಾರು 3 ಮೈಲಿ ದೂರದಲ್ಲಿರುತ್ತದೆ. 6 ಮೈಲಿ ಅಗಲದ ಷಟ್ಕೋನದ ನಡುವೆ ನಿಂತರೆ ಅಂಚಿಗೆ 3 ಮೈಲಿ. ಅಂದರೆ ನೀವಿರುವ ಮನೆಯಲ್ಲಿ ಏನಿದೆಯೋ ಅದು ಕಾಣುತ್ತದೆ, ಪಕ್ಕದ ಮನೆಯಲ್ಲಿರುವುದನ್ನು ನೋಡಲು ಹೋಗಬೇಕು ಇಲ್ಲವೇ ಗುಡ್ಡ ಹತ್ತಬೇಕು.

3 ಮೈಲಿ ಎಂದ ಕೂಡಲೇ ನನಗೆ ನೆನಪಾದ ಮಾತು ಹರದಾರಿ. ಹಳಬರ ಬಾಯಲ್ಲಿ ಹರದಾರಿ ಎಂದರೆ ಸುಮಾರು 3 ಮೈಲಿ. ಕಣ್ಣು ಹಾಯುವಷ್ಟು ಒಂದು ಹರದಾರಿ, ಒಂದು ಷಟ್ಕೋನ ಎರಡು ಹರದಾರಿ, ದಿನದ ನಡಿಗೆ ಎಂಟು ಹರದಾರಿ. ನಾನು ಬಲವಂತವಾಗಿ ಹೊಂದಿಸಿದ್ದಲ್ಲ, ತಾನಾಗಿ ಕೂತಿತು. ಕಾಲ್ನಡಿಗೆಯವರ ಅಳತೆಗಳು ಎಲ್ಲಿ ಹುಟ್ಟಿದರೂ ಕಾಲಿನ ಹತ್ತಿರವೇ ಇರುತ್ತವೆ.

ಬಾಹ್ಯಾಕಾಶದ ಆಟದ ಬಗ್ಗೆ ಒಂದೇ ಮಾತು. 1977ರ ಟ್ರಾವೆಲರ್‌ನಲ್ಲಿ ಒಂದು ಷಟ್ಕೋನ 1 ಪಾರ್ಸೆಕ್, ಸುಮಾರು ಮೂರೂಕಾಲು ಜ್ಯೋತಿರ್ವರ್ಷ. ಹಡಗಿನ ಒಂದು ಜಿಗಿತ 1ರಿಂದ 6 ಮನೆ, ಎಷ್ಟೇ ಮನೆ ಜಿಗಿದರೂ ಸುಮಾರು ಒಂದು ವಾರ. ಬೆರಳೆಣಿಕೆ ಅಲ್ಲೂ ತಪ್ಪಲಿಲ್ಲ.

ಇನ್ನು ಎರಡನೆಯ ಪ್ರಶ್ನೆ, ಬಾಯಲ್ಲಿ ಏನೆಂದು ಹೇಳುವುದು.

ಫ್ರೆಂಚ್ ಮತ್ತು ಇಟಾಲಿಯನ್ ಅನುವಾದಗಳಲ್ಲಿ 5 ಅಡಿಗೆ 1.5 ಮೀಟರ್, 30 ಅಡಿಗೆ 9 ಮೀಟರ್ ಎಂದು ಮಾಡಿಕೊಂಡಿದ್ದಾರೆ. ಅಡಿ ಎಂದರೇನೆಂದು ಗೊತ್ತಿಲ್ಲದ ನಾಡಿಗೆ ಅದು ಸರಿಯಾದ ಆಯ್ಕೆ. ಆದರೆ ಒಂದೂವರೆ, ಮೂರು, ನಾಲ್ಕೂವರೆ, ಆರು ಎಂದು ಎಣಿಸುವುದು ನಾಲಿಗೆಗೆ ಸುಲಭವಲ್ಲ. 1984ರಲ್ಲಿ ಬಂದ ಜರ್ಮನರ ದಸ್ ಶ್ವಾರ್ಟ್ಸ ಆಗೆ ಎಂಬ ಆಟ ಇದಕ್ಕಿಂತ ಚೆಂದದ ದಾರಿ ಹಿಡಿಯಿತು. ಆ ಲೋಕದ ಜನ ಹೆಜ್ಜೆ, ಮೈಲಿ, ಗೇಣು, ಬೆರಳು ಎಂಬ ಹಳೆಯ ಮಾತುಗಳಲ್ಲಿ ಅಳೆಯುತ್ತಾರೆ. ಒಳಗೆ ಒಂದು ಹೆಜ್ಜೆ ಸರಿಯಾಗಿ 1 ಮೀಟರ್, ಒಂದು ಮೈಲಿ ಸರಿಯಾಗಿ 1 ಕಿಲೋಮೀಟರ್. ಕಿವಿಗೆ ಕಥೆ, ತಲೆಗೆ ಶಾಲೆಯ ಲೆಕ್ಕ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ನಾವು ದಿನವೂ ಎರಡು ಪದ್ಧತಿಯಲ್ಲಿ ಬದುಕುತ್ತೇವೆ. ಸೈಟು, ಬಾವಿಯ ಆಳ, ಮನುಷ್ಯನ ಎತ್ತರ, ಹಾವಿನ ಉದ್ದ ಅಡಿಯಲ್ಲಿ. ಊರಿಂದೂರಿಗೆ ಕಿಲೋಮೀಟರ್‌ನಲ್ಲಿ. ಗೋಡೆಯೊಳಗಿನದಕ್ಕೆ ಅಡಿ, ರಸ್ತೆಗೆ ಬಂದರೆ ಕಿಲೋಮೀಟರ್. ಇದನ್ನು ಸರಿಪಡಿಸಬೇಕಾದ ತಪ್ಪೆಂದು ನಾನು ನೋಡುವುದಿಲ್ಲ. ಆಟದಲ್ಲೂ ಕೋಣೆಗೆ ಅಡಿ, ಪ್ರಯಾಣಕ್ಕೆ ಕಿಲೋಮೀಟರ್ ಬಳಸಿ, 6 ಮೈಲಿಯ ಷಟ್ಕೋನವನ್ನು 10 ಕಿಲೋಮೀಟರ್ ಮಾಡಿಕೊಳ್ಳಿ. ಯಾರೂ ಒಂದು ಕ್ಷಣವೂ ತಡವರಿಸುವುದಿಲ್ಲ.

ಕಥೆ ಹಳೆಯ ಕಾಲದ್ದಾದರೆ ಮಾರು, ಮೊಳ, ಗೇಣು ಬಳಸಬಹುದೇ? ಬಳಸಬಹುದು, ಆದರೆ ಆ ಮಾತು ಇಂದು ಎಲ್ಲಿ ಉಸಿರಾಡುತ್ತಿದೆ ಎಂದು ನೋಡಿ. ಮೊಳ ಉಳಿದಿರುವುದು ಹೂವಿನವರ ಕೈಯಲ್ಲಿ. ‘ಅವನು ನಾಲ್ಕು ಮೊಳ ದೂರದಲ್ಲಿದ್ದಾನೆ’ ಎಂದರೆ ಕೇಳಿದವರ ಕಣ್ಣಿಗೆ ಮಲ್ಲಿಗೆ ಬರುತ್ತದೆ. ಮಾರು ಹಾಗಲ್ಲ. ಹೂವಿಗೂ ಇದೆ, ‘ಹತ್ತು ಮಾರು ದೂರ ಹೋಗಿರಲಿಲ್ಲ, ಅಷ್ಟರಲ್ಲಿ...’ ಎಂದು ನೆಲಕ್ಕೂ ಹೇಳುತ್ತೇವೆ. ಎರಡು ಕೈ ಚಾಚಿದರೆ ಒಂದು ಮಾರು, ನಾಲ್ಕು ಮೊಳ, ಸುಮಾರು 6 ಅಡಿ. 2003ರ ಸ್ಯಾವೇಜ್ ವರ್ಲ್ಡ್ಸ್ ಆಟದಲ್ಲಿ ಮೇಜಿನ 1 ಇಂಚು 2 ಗಜ, ಅಂದರೆ ಅದೇ 6 ಅಡಿ, ಮತ್ತು ಮನುಷ್ಯನ ನಡೆ 6 ಇಂಚು. ಅದನ್ನು ಕನ್ನಡದಲ್ಲಿ ಆಡುವಾಗ ನಾನು ಇಂಚು ಎನ್ನುವ ಕಡೆಯೆಲ್ಲ ಮಾರು ಎಂದೆ. ಲೆಕ್ಕ ಒಂದೂ ಬದಲಾಗಲಿಲ್ಲ. ದೂರ ಕೇಳಿದವರಿಗೆ ಕೈ ಚಾಚಿ ತೋರಿಸಿದರಾಯಿತು. ತೋಟದ ಆ 9 ಅಡಿಯ ಚೌಕವೂ ಒಂದೂವರೆ ಮಾರು ಎಂದು ಆಮೇಲೆ ಹೊಳೆಯಿತು.

ಗ್ರಿಡ್ಡೇ ಬೇಡ, ಮಾತಿನಲ್ಲೇ ಆಡುತ್ತೇವೆ ಎನ್ನುವವರಿಗೆ ಕನ್ನಡದಷ್ಟು ಅನುಕೂಲ ಬೇರೆಲ್ಲಿದೆ ಎನ್ನಿಸುತ್ತದೆ ನನಗೆ. ಟ್ರಾವೆಲರ್ ಮೊದಲಿನಿಂದಲೂ ಕಾಳಗದ ದೂರವನ್ನು ಹತ್ತಿರ, ಮಧ್ಯಮ, ದೂರ ಎಂಬಂಥ ಪಟ್ಟಿಗಳಾಗಿ ವಿಂಗಡಿಸಿತ್ತು. 2013ರ ಥರ್ಟೀಂತ್ ಏಜ್ ಎಂಬ ಆಟದಲ್ಲಿ ಕೈಕೈ ಮಿಲಾಯಿಸಿದವರು, ಹತ್ತಿರದವರು, ದೂರದವರು, ಅಷ್ಟೇ. ಇವು ಕೆಲಸ ಮಾಡುತ್ತವೆ, ಆದರೆ ಹತ್ತಿರ ಎಂದರೆ ಎಷ್ಟು ಹತ್ತಿರ ಎಂಬ ಪ್ರಶ್ನೆ ಮತ್ತೆ ಹುಟ್ಟುತ್ತದೆ. ನಮ್ಮ ಮಾತುಗಳನ್ನು ಕೇಳಿ: ಕೈಯಳತೆ, ಕಲ್ಲೆಸೆತ, ಕೂಗಳತೆ, ಕಣ್ಣಳತೆ. ಪ್ರತಿಯೊಂದೂ ಆ ದೂರದಲ್ಲಿ ಏನು ಮಾಡಬಹುದೆಂದು ತಾನೇ ಹೇಳುತ್ತದೆ. ಕೈಯಳತೆಯಲ್ಲಿದ್ದರೆ ಹಿಡಿಯಬಹುದು, ಹೊಡೆಯಬಹುದು. ಕಲ್ಲೆಸೆತದಲ್ಲಿದ್ದರೆ ಎಸೆಯುವ ಆಯುಧ ತಲುಪುತ್ತದೆ. ಕೂಗಳತೆಯಲ್ಲಿದ್ದರೆ ಎಚ್ಚರಿಸಬಹುದು, ಬಾಣ ಬಿಡಬಹುದು, ಆದರೆ ಈ ಸರದಿಯಲ್ಲಿ ಓಡಿ ತಲುಪಲಾಗದು. ಕಣ್ಣಳತೆಯಲ್ಲಿದ್ದರೆ ನೋಡುವುದು ಮಾತ್ರ. ಓಡಿದರೆ ಒಂದು ಸರದಿಗೆ ಒಂದು ಮೆಟ್ಟಿಲು ಹತ್ತಿರ, ಕಣ್ಣಳತೆಯಿಂದ ಕೂಗಳತೆಗೆ ಬರಲು ಮಾತ್ರ ಮೂರು ಸರದಿ. ನನ್ನ ಟೇಬಲ್ಲಿನಲ್ಲಿ ಈ ನಾಲ್ಕು ಮಾತುಗಳಿಗೆ ಪುಸ್ತಕವಿಲ್ಲ. ಒಂದು ಸಲ ಹೇಳಿದರೆ ಎಲ್ಲರಿಗೂ ಗೊತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಸರ್, ಮಿನಿಗಳಿಗೆ ದುಡ್ಡು ಸುರಿಯಲು ಆಗುವುದಿಲ್ಲ. ಮನೆಯಲ್ಲಿರುವ ಕೇರಂ ಪಾನುಗಳನ್ನು ಇಟ್ಟು ಆಡುತ್ತೇವೆ. ಆದರೆ ಅವು ಚೌಕದಲ್ಲಿ ಕೂರುವುದಿಲ್ಲ.’

ಕೂರುವುದಿಲ್ಲ, ಹೌದು. ಕೇರಂ ಪಾನು 3 ಸೆಂಟಿಮೀಟರ್‌ಗಿಂತ ಒಂದು ಕೂದಲು ಹೆಚ್ಚು, 1 ಇಂಚು ಎರಡೂವರೆ ಸೆಂಟಿಮೀಟರ್. ಚೌಕವನ್ನು ದೊಡ್ಡದು ಮಾಡಿ. ಹಳೆಯ ಕ್ಯಾಲೆಂಡರಿನ ಹಿಂಬದಿ ತೆಗೆದುಕೊಂಡು ಮೂರೂವರೆ ಸೆಂಟಿಮೀಟರ್‌ಗೊಂದು ಗೆರೆ ಎಳೆಯಿರಿ. ಒಂದು ಚೌಕ ಎಂದರೆ 5 ಅಡಿ ಎನ್ನುವುದು ಹಾಗೇ ಇರಲಿ. ಕಪ್ಪು ಪಾನು ಅವರ ಕಡೆ, ಬಿಳಿ ನಿಮ್ಮ ಕಡೆ, ಕೆಂಪು ಒಂದೇ ಇರುವುದರಿಂದ ಅದನ್ನು ನಾಯಕನಿಗೆ ಇಡಿ. ಕ್ಯಾಲೆಂಡರಿನ ಹಾಳೆ ಸುರುಳಿ ಸುತ್ತಿಕೊಳ್ಳುತ್ತದೆ, ನಾಲ್ಕು ಮೂಲೆಗೂ ಏನಾದರೂ ಭಾರ ಇಡಬೇಕಾಗುತ್ತದೆ. ಸ್ಟ್ರೈಕರ್ ಒಂದು ಮೂಲೆಗೆ ಸಾಕು, ಉಳಿದ ಮೂರಕ್ಕೆ ಚಹಾದ ಲೋಟ.